ಮೂವತ್ತು ಸೆಕೆಂಡಿನ ಲಕೋಟೆ

ಕಚೇರಿಯ ಕಂಪ್ಯೂಟರ್ ಜಾಲವನ್ನು ಕಾಯುವ ಸರ್ವರಿನಲ್ಲಿ 'ಒಂದು ಬಾರಿಯ ಗುಪ್ತಸಂಖ್ಯೆ'ಯ ವ್ಯವಸ್ಥೆ ಸೋಮವಾರ ಬೆಳಿಗ್ಗೆ ಹತ್ತೂವರೆಗೆ ಜಾರಿಗೆ ಬಂದಿತು. ಅಂದಿನಿಂದ ಯಾರೊಬ್ಬರೂ ಒಳಹೊಗಲಾಗದ ಕಾರಣ, ಭದ್ರತೆ ಸಂಪೂರ್ಣವಾಗಿದೆಯೆಂದು ಮೇಲಿನವರಿಗೆ ವರದಿ ಹೋಯಿತು.

ಸಂಖ್ಯೆ ಬರುವುದು ಕಚೇರಿಯ ಒಂದೇ ಫೋನಿಗೆ. ಫೋನು ಇರುವುದು ಅಧೀಕ್ಷಕರ ಬೀರುವಿನಲ್ಲಿ. ಬಂದದ್ದು ಗುಪ್ತವಾದ್ದರಿಂದ ಅದನ್ನು ಲಕೋಟೆಯಲ್ಲಿಟ್ಟು, ಅರಗಿನ ಮುದ್ರೆ ಒತ್ತಿ, ಬಂದ ಕಾಗದಗಳ ಆವಕ ವಹಿಯಲ್ಲಿ ದಾಖಲಿಸಿ ಕೊಡತಕ್ಕದ್ದು ಎಂದು ನಿಯಮ. ಸಂಖ್ಯೆಯ ಆಯುಸ್ಸು ಮೂವತ್ತು ಸೆಕೆಂಡು. ಅರಗು ಕರಗಲಿಕ್ಕೇ ನಾಲ್ಕು ನಿಮಿಷ ಬೇಕು.

ಆವಕ ವಹಿ ಬರೆಯುವ ಗುಮಾಸ್ತರಿಗೆ ರಜೆ ಬೇಕಿತ್ತು. ಮಗಳಿಗೆ ಚೊಚ್ಚಲ ಹೆರಿಗೆ. ತಾಯಿಯಿಲ್ಲದ ಹುಡುಗಿ, "ಅಪ್ಪಾ, ನೀನಾದ್ರೂ ಪಕ್ಕದಲ್ಲಿರು" ಎಂದಿದ್ದಳು. ರಜೆಯ ಅರ್ಜಿ ಕಂಪ್ಯೂಟರಿನಲ್ಲೇ ಹಾಕಬೇಕು. ಹೇಳದೆ ಹೊರಟುಬಿಡುವ ಜಾಯಮಾನ ಅವರದಲ್ಲ. ದೇವರ ಮೇಲೆ ಭಾರ ಹಾಕಿ ದಿನಕ್ಕೊಂದು ಸಂಖ್ಯೆ ಕೇಳಿದರು. ತಮ್ಮ ಲಕೋಟೆಯನ್ನು ತಾವೇ ದಾಖಲಿಸಿ, ತಾವೇ ಒಡೆದು, ಸತ್ತ ಸಂಖ್ಯೆಯನ್ನು ಒತ್ತಿ ಎದ್ದು ಬಂದರು.

ಕೊನೆಗೊಂದು ದಿನ ತಡೆಯಲಾರದೆ ಅಧೀಕ್ಷಕರನ್ನು ಕೇಳಿದರು. "ಸ್ವಾಮಿ, ಬೀರು ಪಕ್ಕದಲ್ಲೇ ಕಂಪ್ಯೂಟರ್ ಇದೆಯಲ್ಲ. ನೀವು ಬಾಯಲ್ಲಿ ಹೇಳಿಬಿಟ್ರೆ ನಾನು ಒತ್ಕೋತೀನಿ."

ಅಧೀಕ್ಷಕರಿಗೆ ನಿಜಕ್ಕೂ ನೋವಾಯಿತು. "ಏನ್ರೀ, ವಹಿ ಬರೆಯೋರು ನೀವೇ ಹೀಗಂದ್ರೆ? ಬಾಯಲ್ಲಿ ಹೇಳಿದ್ದಕ್ಕೆ ಆವಕ ನಂಬರ್ ಎಲ್ಲಿ ಹಾಕ್ತೀರಿ?"

ಗುಮಾಸ್ತರು ವಹಿಯ ಮುಂದೆ ಹೋಗಿ ಕೂತರು. ಇಪ್ಪತ್ತಾರು ವರ್ಷ ಜನರಿಗೆ ಇದೇ ಮಾತು ಹೇಳಿ ಕಳಿಸಿದವರು ಅವರು.

ಇದನ್ನು ಬಗೆಹರಿಸಲು ಸಮಿತಿ ಕೂತಿತು. ಅರಗು ಬಿಡಿ ಎಂದ ಸರ್ವರಿನ ಇಂಜಿನಿಯರು. ಸೆಕೆಂಡಿನ ಗಡುವು ಬಿಡು ಎಂದಿತು ಸಮಿತಿ. ಈ ನಡುವೆ ಅಳಿಯನ ಫೋನು ಬಂತು: ಹೆಣ್ಣು ಮಗು, ಇಬ್ಬರೂ ಕ್ಷೇಮ. ಏಳು ತಿಂಗಳ ಪತ್ರವ್ಯವಹಾರದ ನಂತರ ಸುತ್ತೋಲೆ ಹೊರಟಿತು: 'ಒಂದು ಬಾರಿಯ ಸಂಖ್ಯೆ ಎಂದರೆ, ಒಂದು ಬಾರಿ ಇಟ್ಟ ಮೇಲೆ ಎಂದೆಂದಿಗೂ ಬದಲಿಸತಕ್ಕದ್ದಲ್ಲ ಎಂದು ಓದಿಕೊಳ್ಳತಕ್ಕದ್ದು.' ಹಾಗೆ ಇಟ್ಟ ೪೮೨೯೧೬ನ್ನು ಸೂಚನಾ ಫಲಕಕ್ಕೆ ಅಂಟಿಸಿ, ಕೆಳಗೆ 'ಅತಿ ಗೋಪ್ಯ' ಎಂದು ಬರೆಯಲಾಯಿತು. ಹೋಗಿಬರುವ ಜನ ಅದನ್ನು ದನಿ ತಗ್ಗಿಸಿ ಓದಿದರು.

ಗುಮಾಸ್ತರು ಅಂದೇ ಒಳಹೊಕ್ಕು ರಜೆಯ ಅರ್ಜಿ ಹಾಕಿದರು. ಸಮಿತಿಯ ಪತ್ರವ್ಯವಹಾರದಲ್ಲಿ ರಜೆಯ ಕಾರಣ ಮೊದಲೇ ಕಡತಕ್ಕೆ ಸೇರಿದ್ದರಿಂದ ಬದಲಿಸುವಂತಿರಲಿಲ್ಲ: ಮಗಳ ಹೆರಿಗೆ.

"ಸ್ವಾಮಿ, ಮಗೂಗೆ ಎರಡು ಹಲ್ಲು ಬಂದಿದೆ."

ಅಧೀಕ್ಷಕರು ಕಡತ ತಿರುವಿದರು. "ನಮ್ಮಲ್ಲಿ ಇನ್ನೂ ಹುಟ್ಟಿಲ್ಲ ಕಣ್ರೀ. ಹೋಗಿ, ಪಕ್ಕದಲ್ಲಿರಿ."

ಹೋದರು. ಮಗಳು ಬಾಗಿಲಲ್ಲೇ ಕೂಸನ್ನು ಅವರ ತೋಳಿಗೆ ಕೊಟ್ಟಳು. ಕೂಸು ಎರಡೂ ಹಲ್ಲಿನಿಂದ ತಾತನ ಬೆರಳು ಕಚ್ಚಿತು. ಅವರು ಇನ್ನೊಂದು ಕೈಯಿಂದ ಜೇಬಿನ ಪುಸ್ತಕ ತೆಗೆದು, 'ಆವಕ: ಮಗು, ಒಂದು. ಸುಸ್ಥಿತಿಯಲ್ಲಿ ಸ್ವೀಕರಿಸಲಾಗಿದೆ' ಎಂದು ಬರೆದು, ದಿನಾಂಕ ಹಾಕಿ, ಮಗಳತ್ತ ಚಾಚಿದರು.

ಆಕೆ ಸಹಿ ಹಾಕಿದಳು.