ಸಮುವೇಲನಿಗೆ ಅಜ್ಜಿ ಇರಲಿಲ್ವಾ?

ಮೇಷ್ಟರಿಕೆ ಮಾಡುವವರಿಗೆ ನಗುವುದಕ್ಕೆ ಬೇರೆ ಏರ್ಪಾಡು ಬೇಕಿಲ್ಲ, ಹಾಜರಿ ಪುಸ್ತಕ ತೆಗೆದರೆ ಸಾಕು. ನನ್ನ ಮನೆ ದಾವಣಗೆರೆಯ ಎಸ್.ಎಸ್. ಬಡಾವಣೆಯಲ್ಲಿ. ಪಾಠ ಮಾಡುವುದು ಹರಿಹರದ ಒಂದು ಮಿಷನ್ ಶಾಲೆಯ ಮೂರನೇ ಕ್ಲಾಸಿಗೆ. ಶುಕ್ರವಾರದ ಕೊನೆಯ ಪೀರಿಯಡ್ ನೀತಿಪಾಠ. ಈ ವರ್ಷ ಹೆಡ್ ಮಿಸ್ ಕರೆದು, "ನಿಮ್ಮ ಮಕ್ಕಳು ಯಾರ ಮಾತೂ ಕೇಳಲ್ಲ ನೋಡ್ರಿ. ಮೊದಲು ಕೇಳೋದನ್ನ ಕಲಿಸ್ರಿ" ಎಂದರು. ಕಲಿಸಲು ಹೊರಟೆ. ಕೊನೆಗೆ ಕಲಿತವರು ಯಾರು ಎಂಬುದು ಮುಂದೆ ಗೊತ್ತಾಗುತ್ತದೆ.

೧. ಕಣ್ಣು ಮುಚ್ಚಿ, ಕಿವಿ ತೆರೆದು

ಮೊದಲ ವಾರ ಒಂದು ಆಟ. ಎರಡು ನಿಮಿಷ ಎಲ್ಲರೂ ಕಣ್ಣು ಮುಚ್ಚಿ ಕೂರಬೇಕು, ಆಮೇಲೆ ಏನೇನು ಸದ್ದು ಕೇಳಿತು ಎಂದು ಹೇಳಬೇಕು.

"ರೈಲು ಹೋತು ಮಿಸ್."

"ಭತ್ತದ ಟ್ರ್ಯಾಕ್ಟರು."

"ಪಕ್ಕದ ಕ್ಲಾಸಿನಾಗೆ ಏಳರ ಮಗ್ಗಿ. ತಪ್ಪು ಹೇಳ್ತಿದ್ರು."

ನನಗೆ ಖುಷಿಯೋ ಖುಷಿ. ಮೊದಲ ಬೆಂಚಿನ ಹುಡುಗಿ ಮಾತ್ರ ಹೇಳಲೋ ಬೇಡವೋ ಎಂದು ಟೈ ತಿರುವುತ್ತಾ ನಿಂತಿದ್ದಳು. "ಹೇಳಮ್ಮ, ಹೆದರಬ್ಯಾಡ" ಎಂದು ಧೈರ್ಯ ಕೊಟ್ಟೆ.

"ನಿಮ್ಮ ಹೊಟ್ಟೆ ಮಿಸ್. ಗುರ್ ಅಂತು. ಎರಡು ಸಲ."

ಅಂದು ಊಟದ ಡಬ್ಬಿಯನ್ನು ಬಸ್ಸಿನಲ್ಲೇ ಮರೆತಿದ್ದೆ, ಯಾರಿಗೂ ಹೇಳಿರಲಿಲ್ಲ. ಸೋಮವಾರ ಹೋದರೆ ನನ್ನ ಟೇಬಲ್ ಮೇಲೆ ಪೇಪರಿನ ಪೊಟ್ಟಣದಲ್ಲಿ ಖಾರ ಮಂಡಕ್ಕಿ. ಅದೇ ಹುಡುಗಿ ಎದ್ದು ನಿಂತು, "ಅವ್ವ ಕಟ್ಟಿಕೊಟ್ಟಾಳೆ. ಮೊದಲು ತಿನ್ರಿ ಮಿಸ್, ಆಮೇಲೆ ಪಾಠ ಮಾಡ್ರಿ. ಇಲ್ಲಾಂದ್ರೆ ನಮಗೆ ಪಾಠ ಕೇಳ್ಸಲ್ಲ" ಎಂದಳು.

೨. ಓಡಿದ್ದು ತಪ್ಪು

ಮರುವಾರ ಬೈಬಲ್ಲಿನ ಕಥೆ. ಗುಡಿಯಲ್ಲಿ ಏಲಿ ಎಂಬ ಮುದುಕ ಪೂಜಾರಿ, ಅವನ ಹತ್ತಿರ ಬೆಳೆಯುವ ಸಣ್ಣ ಹುಡುಗ ಸಮುವೇಲ. ರಾತ್ರಿ ಯಾರೋ "ಸಮುವೇಲಾ" ಎಂದು ಕರೆಯುತ್ತಾರೆ. ಹುಡುಗ ಏಲಿಯ ಹತ್ತಿರ ಓಡಿ, "ಕರೆದಿರಾ ಅಜ್ಜ?" ಎನ್ನುತ್ತಾನೆ. "ಇಲ್ಲಪ್ಪ, ಹೋಗಿ ಮಲಗು." ಹೀಗೆ ಮೂರು ಸಲ. ಆಮೇಲೆ ಏಲಿಗೆ ಹೊಳೆಯುತ್ತದೆ, ಕರೆಯುತ್ತಿರುವವನು ದೇವರು. "ಇನ್ನೊಮ್ಮೆ ಕರೆದರೆ, ಹೇಳು ಸ್ವಾಮಿ, ಕೇಳ್ತಿದೀನಿ ಅನ್ನು" ಎಂದು ಕಲಿಸುತ್ತಾನೆ.

"ನಮ್ಮಪ್ಪ ಆಗಿದ್ರೆ ಎರಡನೇ ಸಲಕ್ಕೇ ಬಾರಿಸ್ತಿದ್ದ" ಎಂದ ಒಬ್ಬ.

ಎರಡನೇ ಬೆಂಚಿನಲ್ಲಿ ಕೈ ಎತ್ತಿದವಳು ಹೊಸ ಹುಡುಗಿ. ಎರಡು ವಾರದ ಹಿಂದಷ್ಟೇ ಸೇರಿದ್ದಳು. ಅಲ್ಲಿವರೆಗೂ ಕೊಂಡಜ್ಜಿ ಎಂಬ ಕೆರೆ ಪಕ್ಕದ ಊರಿನಲ್ಲಿ ಅಜ್ಜಿಯ ಹತ್ತಿರ ಬೆಳೆದವಳು. ಬಾಯಿ ಬಿಟ್ಟಿದ್ದು ಅದೇ ಮೊದಲು.

"ಮಿಸ್, ಆ ಹುಡುಗ ಹಂಗೆ ಓಡಬಾರದಾಗಿತ್ತು. ಅವನಿಗೆ ಅಜ್ಜಿ ಇರಲಿಲ್ವಾ?"

ನಾನು ಕಥೆಯ ರಸವತ್ತಾದ ಜಾಗದಲ್ಲಿದ್ದೆ, ಸಿಟ್ಟು ಬಂತು. "ಬಾಯಿ ಮುಚ್ಚಿ ಕೂಡ್ರು. ಇದು ಕೇಳೋದನ್ನ ಕಲಿಯೋ ಪಾಠ, ಮಾತಾಡೋ ಪಾಠ ಅಲ್ಲ" ಎಂದೆ. ಹುಡುಗಿ ಕೂತಳು. ನಾನು ಕೇಳುವುದರ ಮಹತ್ವವನ್ನು ಇನ್ನೂ ಹತ್ತು ನಿಮಿಷ ವಿವರಿಸಿದೆ.

೩. ಎರಡನೇ ಬೆಂಚಿನ ಗೈರುಹಾಜರಿ

ಹಾಜರಿಯಲ್ಲಿ ಒಂದು ಹೆಸರನ್ನು ಎರಡು ಸಲ ಕೂಗಿ ಮುಂದಕ್ಕೆ ಹೋಗುವುದು ನನ್ನ ರೂಢಿ. ಈ ಹೊಸ ಹುಡುಗಿ ಮಾತ್ರ ದಿನವೂ ಕಣ್ಣರಳಿಸಿ ನನ್ನನ್ನೇ ನೋಡುತ್ತಾ ಕೂರುತ್ತಿದ್ದಳೇ ಹೊರತು ತುಟಿ ಬಿಚ್ಚುತ್ತಿರಲಿಲ್ಲ. ಪಕ್ಕದವಳು, "ಬಂದಾಳೆ ಮಿಸ್" ಎನ್ನುತ್ತಿದ್ದಳು. ಒಂದು ದಿನ ಪಕ್ಕದವಳು ರಜೆ. ನಾನು ತಲೆ ಎತ್ತದೆ ಗೈರು ಹಾಕಿದೆ, ಶಾಲೆಯ ಮೊಬೈಲಿನಿಂದ ಮನೆಗೆ ಸಂದೇಶ ಹೋಯಿತು.

ಕಾಲು ಗಂಟೆಯಲ್ಲಿ ತಾಯಿ ಓಡಿ ಬಂದರು. ಕೈಯಲ್ಲಿ ರೊಟ್ಟಿ ಹಿಟ್ಟು ಹಾಗೇ ಇತ್ತು. "ನಾನೇ ಗೇಟಿನ ತನಕ ಬಿಟ್ಟು ಹೋಗಿದ್ನೆಲ್ರಿ! ಎಲ್ಲಿಗೆ ಹೋತು ನನ್ನ ಕೂಸು?" ಎಂದು ಅಳುತ್ತಿದ್ದಾಗ ಕೂಸು ಎರಡನೇ ಬೆಂಚಿನಲ್ಲಿ ಕೂತು, "ಯಾಕವ್ವಾ ಅಳ್ತೀ?" ಎಂದಿತು.

ನನ್ನ ತಪ್ಪು ಮುಚ್ಚಿಕೊಳ್ಳಬೇಕಲ್ಲ, "ಇವಳಿಗೆ ಕಿವಿ ಮಂದ ಇರಬೇಕು, ತೋರಿಸ್ರಿ" ಎಂದುಬಿಟ್ಟೆ. ತಾಯಿಯ ಮುಖ ಬಿಳಿಚಿಕೊಂಡಿತು. "ಮನ್ಯಾಗೂ ಹಂಗೇ ರೀ, ಕರೆದ್ರೆ ಓ ಅನ್ನಲ್ಲ. ಅಜ್ಜಿ ಸಲಿಗೆ ಅನ್ಕಂಡಿದ್ದೆ" ಎಂದರು. ಅವತ್ತೇ ಮಧ್ಯಾಹ್ನ ಹಿಂದಿನ ಬೆಂಚಿನಲ್ಲಿ ಯಾರೋ "ಕಿವುಡಿ" ಎಂದದ್ದು ನನ್ನ ಕಿವಿಗೇ ಬಿತ್ತು. ಆ ಮಾತಿಗೆ ಬೀಜ ಹಾಕಿದವಳು ನಾನೇ.

೪. ಗುಂಡಿ ಒತ್ತುವ ಪರೀಕ್ಷೆ

ಶನಿವಾರ ಮಧ್ಯಾಹ್ನ ತಾಯಿ ಮಗಳನ್ನು ನಾನೇ ದಾವಣಗೆರೆಯ ಕಿವಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಹುಡುಗಿಯನ್ನು ಗಾಜಿನ ಕೋಣೆಯಲ್ಲಿ ಕೂರಿಸಿ ಕಿವಿಗೆ ಹೆಡ್‌ಫೋನ್ ಹಾಕಿದರು. ಕುಂಯ್ ಎಂದು ಕೇಳಿದರೆ ಗುಂಡಿ ಒತ್ತಬೇಕು. ಹೊರಗೆ ತಾಯಿ ನನ್ನ ಕೈ ಹಿಡಿದಿದ್ದರು, ಅಂಗೈ ತಣ್ಣಗಿತ್ತು.

ಪರೀಕ್ಷೆ ಮಾಡುವ ಹುಡುಗ ಯಂತ್ರ ತಿರುಗಿಸಿದ. ಮತ್ತೆ ತಿರುಗಿಸಿದ. ವೈರು ಬಿಚ್ಚಿ ಹಾಕಿದ. ತಲೆ ಕೆರೆದುಕೊಂಡು ಹೊರಗೆ ಬಂದ.

"ಮೇಡಂ, ದೊಡ್ಡ ಸದ್ದಾದ್ರೂ ಅಷ್ಟೇ, ಸಣ್ಣ ಸದ್ದಾದ್ರೂ ಅಷ್ಟೇ. ಎರಡು ಸಲ ಬಿಟ್ಟು ಮೂರನೇ ಸಲಕ್ಕೆ ಒತ್ತುತಾಳೆ. ಇಂಥ ಕಿವಿ ನಾನು ನೋಡೇ ಇಲ್ಲ."

ನಾನು ಒಳಗೆ ಹೋಗಿ ಅವಳ ಮುಂದೆ ಕುಕ್ಕರುಗಾಲಲ್ಲಿ ಕೂತೆ. "ಯಾಕವ್ವ ಹಿಂಗೆ?" ಈ ಸಲ ಬಾಯಿ ಮುಚ್ಚು ಅನ್ನಲಿಲ್ಲ, ಕೇಳಿದೆ.

"ಅಜ್ಜಿ ಹೇಳ್ಯಾಳೆ. ಕೆರೆ ಕಡೆಯಿಂದ ದೆವ್ವ ಹೆಸರು ಹಿಡಿದು ಕರಿತೈತೆ. ಒಂದನೇ ಸಲ ಓ ಅನ್ನಬ್ಯಾಡ, ಎರಡನೇ ಸಲಾನೂ ಬ್ಯಾಡ. ದೆವ್ವಕ್ಕೆ ಮೂರನೇ ಸಲ ಕರಿಯಾಕೆ ಬರಲ್ಲ. ಮೂರು ಸಲ ಕರೆದ್ರೆ ಮನುಷ್ಯರು. ಅವತ್ತು ಕಥೇನಾಗೆ ಅದನ್ನೇ ಹೇಳಾಕ್ ಬಂದೆ ಮಿಸ್."

ನಾಚಿಕೆಯಿಂದ ನನ್ನ ಕಣ್ಣು ತುಂಬಿತು. ಆದರೂ ಕೇಳದೆ ಇರಲಾಗಲಿಲ್ಲ. "ಅಲ್ಲವ್ವ, ಹಗಲು ಹೊತ್ತಿನಾಗೆ ಎದುರಿಗೇ ನಿಂತು ಕರೀತೀನಿ, ನಾನು ಮನುಷ್ಯಳು ಅಂತ ಗೊತ್ತಾಗಲಿಲ್ವಾ?"

"ನೀವು ಮೂರನೇ ಸಲ ಕರೀತಾನೇ ಇರಲಿಲ್ಲ ಮಿಸ್. ನನಗೂ ಅನುಮಾನ ಇತ್ತು."

೫. ದೇವರ ಧ್ವನಿ

ಶಾಲೆಯ ಪೋಷಕರ ದಿನಕ್ಕೆ ಸಮುವೇಲನ ನಾಟಕ ಎಂದು ನಿಗದಿಯಾಯಿತು. ಸಮುವೇಲನ ಪಾತ್ರ ಆ ಹುಡುಗಿಗೇ ಕೊಟ್ಟೆ. ಕಿವುಡಿ ಎಂದವರೆಲ್ಲರ ಮುಂದೆ ಅವಳು ಓ ಅನ್ನಬೇಕು, ಅದೊಂದೇ ನನ್ನ ಹಂಬಲ. "ನಾಟಕದಾಗೆ ದೆವ್ವ ಇಲ್ಲ, ಮೊದಲನೇ ಸಲಕ್ಕೇ ಓಡಬೇಕು" ಎಂದು ಒಪ್ಪಿಸಿದ್ದೆ. ಅಭ್ಯಾಸದಲ್ಲಿ ಚೆನ್ನಾಗಿಯೇ ಓಡಿದಳು.

ಆ ದಿನ ಬೆಳಿಗ್ಗೆ ಮುಂದಿನ ಸಾಲಿನಲ್ಲಿ, ಹಣೆ ತುಂಬ ವಿಭೂತಿ ಹಚ್ಚಿಕೊಂಡು ಕೊಂಡಜ್ಜಿಯ ಅಜ್ಜಿ ಬಂದು ಕೂತಿದ್ದರು. ಪರದೆಯ ಹಿಂದೆ ಮೈಕು ಹಿಡಿದ ದೇವರು ನಾನೇ.

"ಸಮುವೇಲಾ" ಎಂದೆ. ಚಾಪೆಯ ಮೇಲಿದ್ದ ಹುಡುಗಿ ಕಣ್ಣು ಬಿಟ್ಟು ಅಜ್ಜಿಯನ್ನು ನೋಡಿದಳು. ಅಜ್ಜಿ ಒಂದು ಬೆರಳು ಎತ್ತಿದರು. ಹುಡುಗಿ ಅಲುಗಲಿಲ್ಲ.

"ಸಮುವೇಲಾ!" ಅಜ್ಜಿಯದು ಎರಡು ಬೆರಳು. ತಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

ಈಗ ದೇವರೇ ಅಂಗಲಾಚಬೇಕಾಯಿತು. "ಸಮುವೇಲಾ..."

"ಓ ಅನ್ನವ್ವಾ!" ಎಂದು ಅಜ್ಜಿ ಎದ್ದೇ ನಿಂತರು. "ಮೂರಾತು! ಇದು ದೇವರೇ!"

ಹುಡುಗಿ ಚಂಗನೆ ಎದ್ದು ಕೈಮುಗಿದು, ಹೊಳೆಯ ಆಚೆ ದಡಕ್ಕೂ ಕೇಳುವಂತೆ, "ಓ! ಹೇಳು ಸ್ವಾಮಿ, ಕೇಳ್ತಿದೀನಿ!" ಎಂದು ಕೂಗಿದಳು. ಚಪ್ಪಾಳೆಯೋ ಚಪ್ಪಾಳೆ. ಹತ್ತಿಯ ಗಡ್ಡ ಅಂಟಿಸಿಕೊಂಡು ಮೂಲೆಯಲ್ಲಿ ಮಲಗಿದ್ದ ಏಲಿ ಎದ್ದು ಕೂತು, "ಮತ್ತೆ ನಾನ್ಯಾಕೆ ಇಲ್ಲಿ ಮಲಗಿದ್ದೆ ಮಿಸ್?" ಎಂದು ಅಳತೊಡಗಿದ.

ಎಲ್ಲ ಮುಗಿದ ಮೇಲೆ ವೇದಿಕೆಯ ಹಿಂದೆ ಮೈಕಿನ ವೈರು ಸುತ್ತುತ್ತಾ ಕಣ್ಣೊರೆಸಿಕೊಳ್ಳುತ್ತಿದ್ದೆ. ಬೆನ್ನ ಹಿಂದೆ ಯಾರೋ ಕರೆಯುತ್ತಿದ್ದದ್ದು ತಡವಾಗಿ ಗಮನಕ್ಕೆ ಬಂತು. "ಓ" ಎಂದು ತಿರುಗಿದರೆ ಅಜ್ಜಿ. ನನ್ನ ಗಲ್ಲ ಹಿಡಿದು, ಮೊಮ್ಮಗಳ ಕಡೆ ನೋಡಿ ಹೇಳಿದರು:

"ನಿಮ್ಮ ಮಿಸ್ಸು ಶಾಣೆ ಅದಾಳೆ ಬಿಡವ್ವ. ಎರಡು ಸಲ ಕರೆದ್ರೂ ಓ ಅನ್ನಲಿಲ್ಲ."