ಮೇಲಿನ ಮನೆ ಟೀಚರಿಗೆ ಒಂದು ಕಟಿಂಗು

ಗಂಡ: ಆಗಲ್ಲ ಅಂದ್ರೆ ಆಗಲ್ಲ ಕಣೇ. ಯಾವ ತಲೆ ಬೇಕಾದ್ರೂ ಹೇಳು, ಕತ್ತರಿ ಹಾಕ್ತೀನಿ. ಆ ಒಂದು ತಲೆ ಮಾತ್ರ ಮುಟ್ಟಲ್ಲ.

ಹೆಂಡತಿ: ಯಾಕೆ, ಆ ತಲೇಲಿ ಬೆಳೆದಿರೋದು ಕೂದಲಲ್ವಾ? ಮುಳ್ಳುತಂತೀನಾ?

ಗಂಡ: ನನ್ನದು ಗಂಡಸರ ಸಲೂನು. ಬೋರ್ಡಲ್ಲಿ ಬರೆಸಿದೀನಿ.

ಹೆಂಡತಿ: ಮೊನ್ನೆ ಎದುರುಮನೆ ನಾಯಿಗೆ ಕಟಿಂಗ್ ಮಾಡಿದ್ರಲ್ಲ, ಅದು ಬೋರ್ಡು ಓದ್ಕೊಂಡೇ ಒಳಗೆ ಬಂತಾ?

ಗಂಡ: ಅದು ಗಂಡು ನಾಯಿ.

ಭಾನುವಾರ ಮಧ್ಯಾಹ್ನ. ಚರ್ಚಿನಿಂದ ಬಂದು ಊಟ ಮುಗಿಸಿ, ಗಂಡ ಕಾಲು ಚಾಚಿ ಕೂತಿದ್ದ. ಬೀದಿಯ ತಿರುವಿನಲ್ಲಿ ಅವನದೊಂದು ಸಲೂನು. ಹೆಂಡತಿಗೆ ಬೇಕರಿಯಲ್ಲಿ ರಾತ್ರಿ ಪಾಳಿ. ಒಲೆಯ ಮುಂದೆ ನಿಂತು ನಿಂತು ಬೆಳಗಿನ ಜಾವ ಮನೆಗೆ ಬರುವವಳು. ಜಗಳ ನಡೆದಿದ್ದು ಮೇಲಿನ ಮಹಡಿಯ ಸಂಗೀತ ಟೀಚರ ವಿಷಯಕ್ಕೆ. ಒಂಟಿ ಹೆಂಗಸು, ಚರ್ಚಿನಲ್ಲಿ ಆರ್ಗನ್ ನುಡಿಸುವವರು, ಕ್ವಾಯರಿನವರಿಗೆ ಹಾಡು ಕಲಿಸುವವರು ಅವರೇ. ಹೋದ ತಿಂಗಳು ಬಚ್ಚಲಲ್ಲಿ ಜಾರಿ ಬಿದ್ದು ಬಲಗೈ ಮುರಿದುಕೊಂಡ ಮೇಲೆ ಬಾಗಿಲು ಹಾಕಿಕೊಂಡು ಒಳಗೇ ಉಳಿದಿದ್ದರು.

ಹೆಂಡತಿ: ಒಂದೇ ಕೈಲಿ ತಲೆ ತೊಳೆಯೋಕಾಗುತ್ತಾ? ಜಡೆ ಹಾಕೋಕಾಗುತ್ತಾ? ಕೂದಲೆಲ್ಲ ಗಂಟುಗಂಟಾಗಿ ಹಕ್ಕಿ ಗೂಡಾಗಿದೆ. ನಿನ್ನೆ ನಾನು ಬಾಚೋಕೆ ಹೋಗಿ ಬಾಚಣಿಗೆ ಹಲ್ಲು ಮುರಿದು ಬಂದೆ. ಈ ತಲೆ ಹೊತ್ಕೊಂಡು ಜನರ ಮುಂದೆ ಬರೋಕೆ ನಾಚಿಕೆ ಅವರಿಗೆ. ಅದಕ್ಕೇ ಚರ್ಚಿಗೂ ಬರ್ತಿಲ್ಲ.

ಗಂಡ: ಅದಕ್ಕೇ ಚರ್ಚಲ್ಲಿ ಇಷ್ಟು ನೆಮ್ಮದಿ.

ಹೆಂಡತಿ: ಬೆಳಗ್ಗೆ ಪಾದ್ರಿಗಳು ಏನು ಹೇಳಿದ್ರು? ಅಕ್ಕಪಕ್ಕದವರಿಗೆ ಪ್ರೀತಿ ತೋರಿಸಿ, ಬರೀ ಬಾಯಲ್ಲಲ್ಲ, ಕೈಯಾರೆ ತೋರಿಸಿ ಅಂದ್ರು. ಆಗ ಎಲ್ಲರಿಗಿಂತ ಜೋರಾಗಿ ಆಮೆನ್ ಅಂದಿದ್ದು ಯಾರು?

ಗಂಡ: ಗಂಟಲು ಸರಿ ಮಾಡ್ಕೊಂಡೆ.

ಹೆಂಡತಿ: ಓಹೋ.

ಗಂಡ: ನಾನು ಪ್ರೀತಿ ತೋರಿಸಲ್ಲ ಅಂದ್ನಾ? ಸಮುದ್ರದ ಆಚೆ ಕಷ್ಟದಲ್ಲಿರೋರಿಗೋಸ್ಕರ ದಿನಾ ಮಂಡಿಯೂರಿ ಪ್ರಾರ್ಥನೆ ಮಾಡ್ತೀನಿ.

ಹೆಂಡತಿ: ಸಮುದ್ರದ ಆಚೆಯವರು ನಿಮ್ಮ ಹಾಡು ಕೇಳಿಲ್ಲ. ಅದಕ್ಕೇ ನಿಮಗೂ ಅವರಿಗೂ ಜಗಳ ಇಲ್ಲ.

ಈ ಮಾತು ಸರಿಯಾಗಿ ಗಾಯದ ಮೇಲೇ ಬಿತ್ತು. ಗಂಡ ಎದ್ದು ಕೂತ.

ಗಂಡ: ಬಂತಲ್ಲ ಹಾಡಿನ ಮಾತು! ನನ್ನನ್ನ ಕ್ವಾಯರಿಂದ ತೆಗೆಸಿದ್ದು ಯಾರು? ಆ ಟೀಚರ್! ಹಾಡೋರ ಮಧ್ಯೆ ನಿಲ್ಲಿಸ್ಕೊಂಡು, ನೀವು ನಾಳೆಯಿಂದ ಬರೋದು ಬೇಡ ಅಂದ್ರು. ಆ ಅವಮಾನ ನುಂಗ್ಕೊಂಡು ಒಂದು ವರ್ಷ ಕೊನೇ ಬೆಂಚಲ್ಲಿ ಬಾಯಿ ಹೊಲ್ಕೊಂಡು ಕೂತಿದೀನಿ. ಈಗ ಅವರ ಕೈ ಮುರೀತು ಅಂತ ಕ್ವಾಯರ್ ಮಾಸ್ಟರು ನನ್ನನ್ನ ವಾಪಸ್ ಕರೆದಿದಾರೆ. ಮುಂದಿನ ಭಾನುವಾರ ಎರಡನೇ ಚರಣ ನಾನೊಬ್ಬನೇ ಹಾಡೋದು. ಒಬ್ಬನೇ! ಈಗ ಅವರ ತಲೆ ನೆಟ್ಟಗೆ ಮಾಡಿ, ನಾನೇ ಕೈ ಹಿಡ್ಕೊಂಡು ಚರ್ಚಿಗೆ ಕರ್ಕೊಂಡು ಬರ್ಲಾ, ಬನ್ನಿ ಟೀಚರ್, ಇನ್ನೊಂದ್ಸಲ ಓಡಿಸಿ ಅಂತ?

ಹೆಂಡತಿ: ಅದು ಸರಿ, ಆ ಎರಡನೇ ಚರಣದಲ್ಲಿ ಏನಿದೆ?

ಗಂಡ: (ತಗ್ಗಿದ ದನಿಯಲ್ಲಿ) ವೈರಿಗಳ ಮೇಲೂ ಪ್ರೀತಿ ಇಡೋದರ ಬಗ್ಗೆ.

ಹೆಂಡತಿ: ಚೆನ್ನಾಗಿದೆ. ಹಾಡೋದು ನೀವು, ಮಾಡೋದು ಬೇರೆ ಯಾರಾದ್ರೂ. ಕೆಲಸ ಹಂಚ್ಕೊಂಡ್ರೆ ಹೀಗೆ ಹಂಚ್ಕೋಬೇಕು.

ಅವಳು ಅಡುಗೆಮನೆಗೆ ಹೋಗಿ, ಪ್ಯಾಕೆಟ್ಟು ಕತ್ತರಿಸುವ ಕತ್ತರಿ ಹಿಡಿದುಕೊಂಡು ಬಂದಳು.

ಗಂಡ: ಅದ್ಯಾಕೆ?

ಹೆಂಡತಿ: ನಾನೇ ಹೋಗಿ ಕತ್ತರಿಸಿಬಿಡ್ತೀನಿ. ಆಮೇಲೆ ಜನ ಕೇಳ್ತಾರೆ, ಯಾರು ಮಾಡಿದ್ದು ಈ ಕಟಿಂಗು ಅಂತ. ಟೀಚರ್ ಹೇಳ್ತಾರೆ, ಕೆಳಗಿನ ಸಲೂನಿನವರ ಮನೇಲಿ ಅಂತ.

ಗಂಡ: ಏಯ್, ಇಡು ಅದನ್ನ ಕೆಳಗೆ! ಅದರಲ್ಲಿ ಮೀನು ಕತ್ತರಿಸಿದೀಯ!

ಹೆಂಡತಿ: ತೊಳೆದಿದೀನಿ.

ಗಂಡ ದಡಬಡಿಸಿ ಎದ್ದು ತನ್ನ ಸಾಮಾನಿನ ಚೀಲ ಹೆಗಲಿಗೇರಿಸಿದ.

ಗಂಡ: ಪ್ರೀತಿಯಿಂದ ಹೋಗ್ತಿದೀನಿ ಅಂದ್ಕೋಬೇಡ. ಅಂಗಡಿ ಮರ್ಯಾದೆಗೋಸ್ಕರ ಹೋಗ್ತಿದೀನಿ.

ಹೆಂಡತಿ: ದೇವರಿಗೆ ಅರ್ಥ ಆಗುತ್ತೆ, ನಡೀರಿ.

ಗಂಡ: ನೀನೆಲ್ಲಿಗೆ ಹೊರಟೆ?

ಹೆಂಡತಿ: ನಾನೂ ಬರ್ತೀನಿ.

ಗಂಡ: ಯಾಕೆ? ಅವರ ಕತ್ತಿನ ಹತ್ರ ಕತ್ತರಿ ಹಿಡ್ಕೊಂಡಿರ್ತೀನಿ ಅಂತ ಭಯಾನಾ?

ಹೆಂಡತಿ: ಬಿಸಿನೀರು ಹುಯ್ಯೋಕೆ ಒಬ್ಬರು ಬೇಡ್ವಾ? ಅಷ್ಟೇ.

ಅಷ್ಟೇ ಎನ್ನುವಾಗ ಅವಳು ಗಂಡನ ಮುಖ ನೋಡಲಿಲ್ಲ. ಬಕೆಟ್ಟು ಎತ್ತಿಕೊಂಡು ಮುಂದೆ ನಡೆದಳು.

ಮೇಲಿನ ಮನೆಯ ಬಾಗಿಲು ಒಂದು ಗೇಣು ತೆರೆಯಿತು. ಚಿಲಕದ ಸರಪಳಿ ಹಾಗೇ ಇತ್ತು.

ಟೀಚರ್: ಯಾರು?

ಗಂಡ: ಕೆಳಗಿನ ಮನೆಯವನು.

ಟೀಚರ್: ಆ ಹಾಡೋರಾ?

ಗಂಡ: ಇವತ್ತು ಹಾಡೋಕೆ ಬಂದಿಲ್ಲ.

ಟೀಚರ್: ಹಾಗಾದ್ರೆ ಬನ್ನಿ.

ಸರಪಳಿ ಕಳಚಿತು. ಕಿಟಕಿಯ ಪರದೆ ಎಳೆದಿದ್ದ ಕೋಣೆ. ಪಿಯಾನೋ ಮುಚ್ಚಿ, ಅದರ ಮೇಲೆ ಔಷಧಿ ಬಾಟಲಿ, ಅರ್ಧ ತಿಂದ ಬ್ರೆಡ್ಡು ಇಟ್ಟಿದ್ದರು. ಟೀಚರ ಬಲಗೈಗೆ ಬಿಳಿ ಪಟ್ಟಿ. ತಲೆಗೆ ಬಿಗಿಯಾಗಿ ಕಟ್ಟಿದ ಸ್ಕಾರ್ಫು.

ಗಂಡ: ನಿಮ್ಮ ತಲೆಗೆ ಏನಾದ್ರೂ ಒಂದು ಗತಿ ಕಾಣಿಸೋಣ ಅಂತ ಬಂದೆ.

ಟೀಚರ್: ಕೆಟ್ಟಿರೋದು ಕೈ. ತಲೆ ನೆಟ್ಟಗಿದೆ.

ಗಂಡ: ಹಾಗಲ್ಲ, ಕತ್ತರಿಸೋಣ ಅಂತ...

ಟೀಚರ್: ಕೈನಾ? ಪಟ್ಟಿ ಹಾಕಿದ್ರೆ ಸಾಕು ಅಂದಿದ್ರಲ್ಲ ಡಾಕ್ಟರು!

ಗಂಡ: ಕೂದಲು, ಟೀಚರ್, ಕೂದಲು!

ಟೀಚರ್: ಗೊತ್ತಾಯ್ತು ಬಿಡಿ. ಇಷ್ಟು ದಿನ ಒಬ್ಬಳೇ ಗೋಡೆ ಜೊತೆ ಮಾತಾಡ್ತಿದ್ದೆ. ಯಾರಾದ್ರೂ ತಿರುಗಿ ಮಾತಾಡಿದ್ರೆ ಬಿಡೋಕೆ ಮನಸ್ಸು ಬರಲ್ಲ.

ಕನ್ನಡಿಯ ಮುಂದೆ ಕೂರಿಸಿ ಸ್ಕಾರ್ಫು ಬಿಚ್ಚಬೇಕೆಂದಾಗ ಮಾತ್ರ ಟೀಚರ್ ಎಡಗೈಯಲ್ಲಿ ಗಂಟನ್ನು ಅದುಮಿ ಹಿಡಿದುಕೊಂಡರು. ಹೆಂಡತಿ ಮೆಲ್ಲಗೆ ಆ ಕೈ ಸರಿಸಿ ಬಿಚ್ಚಿದಳು. ಬಿಳಿಕೂದಲು ಜಟೆಗಟ್ಟಿ, ಕುತ್ತಿಗೆಯ ಹತ್ತಿರ ಒಂದೇ ಮುದ್ದೆಯಾಗಿತ್ತು. ಏನಾದರೂ ಚುಚ್ಚಿ ಹೇಳಬೇಕೆಂದು ಮೆಟ್ಟಿಲಿನುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದ ಗಂಡ ಅದನ್ನೆಲ್ಲ ಬಿಟ್ಟು ತೋಳು ಮಡಿಸಿದ. ಚೀಲದಿಂದ ಎಣ್ಣೆ ತೆಗೆದು, ಮುದ್ದೆಗೆ ಸವರಿ, ಬೆರಳ ತುದಿಯಿಂದ ಒಂದೊಂದೇ ಎಳೆ ಬಿಡಿಸತೊಡಗಿದ. ಕನ್ನಡಿಯಲ್ಲಿ ಟೀಚರ ಕಣ್ಣು ತುಂಬಿದ್ದು ಅವನಿಗೆ ಕಂಡಿತು.

ಗಂಡ: ನೋವಾಯ್ತಾ?

ಟೀಚರ್: ಇಲ್ಲ. ಕಣ್ಣಿಗೆ ಸೋಪು ಹೋಯ್ತು.

ಗಂಡ: ಇನ್ನೂ ಸೋಪೇ ಹಾಕಿಲ್ಲ.

ಟೀಚರ್: ಹಾಗಾದ್ರೆ ಬೇಗ ಹಾಕಿ.

ತಲೆ ತೊಳೆದದ್ದಾಯಿತು. ಒರೆಸಿ, ಬಿಳಿ ಬಟ್ಟೆ ಹೊದಿಸಿ, ಗಂಡ ಎಡಪಕ್ಕದಿಂದ ಕತ್ತರಿಸಲು ಶುರು ಮಾಡಿದ.

ಟೀಚರ್: ಮುಂದಿನ ಭಾನುವಾರ ಒಬ್ಬರೇ ಹಾಡ್ತೀರಂತೆ?

ಹೆಂಡತಿ: ನೀರು ಬಿಸಿ ಇತ್ತಾ, ಟೀಚರ್?

ಟೀಚರ್: ನೀರಿನ ಕೆಲಸ ಮುಗೀತಲ್ಲಮ್ಮ. ಎಲ್ಲಿ, ಒಂದು ಸಾಲು ಹಾಡಿ ನೋಡೋಣ.

ಹೆಂಡತಿ: ಬೇಡ ಬೇಡ, ಕತ್ತರಿ ಜಾರಿಬಿಡುತ್ತೆ!

ಗಂಡ ಆಗಲೇ ಗಂಟಲು ಸರಿಮಾಡಿಕೊಂಡು ಶುರು ಮಾಡಿದ್ದ. ಟೀಚರ್ ಕಣ್ಣು ಮುಚ್ಚಿ ಕೇಳಿದರು. ಪಕ್ಕದ ಮನೆಯಲ್ಲಿ ಯಾರೋ ಕಿಟಕಿ ಮುಚ್ಚಿದ ಸದ್ದಾಯಿತು.

ಗಂಡ: ಹೇಗಿತ್ತು?

ಟೀಚರ್: ತಾಳ ಬಹಳ ಚೆನ್ನಾಗಿತ್ತು.

ಗಂಡ: (ಅರಳಿ) ನಿಜವಾಗ್ಲೂ?

ಟೀಚರ್: ಕತ್ತರೀದು. ನೀವು ಅದರ ಪಾಡಿಗೆ ಅದನ್ನ ಬಿಟ್ಟು ಎಲ್ಲೋ ಹೋಗಿದ್ರಿ. ಈಗ ಅದನ್ನ ಕೇಳಿಸ್ಕೊಂಡು, ಅದರ ಜೊತೆ ಹಾಡಿ. ನಿಧಾನ. ಎದುರುಗಡೆಯವರಿಗೆ ಕಿವಿ ಕೇಳುತ್ತೆ, ಅರಚಬೇಡಿ.

ಗಂಡ ಮುಖ ಗಂಟು ಹಾಕಿಕೊಂಡೇ ಮತ್ತೆ ಹಾಡಿದ. ಕತ್ತರಿ ಕಚಕಚ ಎನ್ನುತ್ತಿತ್ತು. ದನಿ ಅದರ ಹಿಂದೆ ಹಿಂದೆ ನಡೆಯಿತು. ಎರಡನೇ ಸಾಲಿಗೆ ಬರುವ ಹೊತ್ತಿಗೆ ಅವನಿಗೇ ಆಶ್ಚರ್ಯವಾಗಿ ಹಾಡು ನಿಂತಿತು.

ಟೀಚರ್: ನೋಡಿ, ಬರುತ್ತೆ.

ಆ ಎರಡು ಮಾತಿಗೆ ಗಂಡ ಕರಗಿಹೋದ. ಬಾಚಣಿಗೆಯನ್ನು ಎದೆಗೆ ಒತ್ತಿಕೊಂಡು, ಪಾದ್ರಿಗಳ ಗತ್ತಿನಲ್ಲಿ ಶುರು ಮಾಡಿದ.

ಗಂಡ: ಟೀಚರ್, ಇವತ್ತು ನಾನು ನಿಮ್ಮನ್ನ ಮನಸಾರೆ ಕ್ಷಮಿಸ್ತಿದೀನಿ.

ಟೀಚರ್: ಯಾವುದಕ್ಕೆ?

ಹೆಂಡತಿ: ರೀ, ಬಲಗಡೆ ಕೂದಲು ಹಾಗೇ ಇದೆ!

ಗಂಡ: ಸುಮ್ನಿರೇ. ನನ್ನನ್ನ ಕ್ವಾಯರಿಂದ ತೆಗೆದ್ರಲ್ಲ, ಅದಕ್ಕೆ. ನಿಮ್ಮ ಕಲ್ಲುಮನಸ್ಸು, ನಿಮ್ಮ ಹೊಟ್ಟೆಕಿಚ್ಚು, ಎಲ್ಲಾನೂ ಕ್ಷಮಿಸಿದೀನಿ. ಪ್ರೀತಿ ಅಂದ್ರೆ ಹೀಗಿರ್ಬೇಕು.

ಟೀಚರ್ ಕನ್ನಡಿಯಲ್ಲಿ ಹೆಂಡತಿಯ ಮುಖವನ್ನು ನೋಡಿದರು. ಅವಳು ಖಾಲಿ ಮಗ್ಗನ್ನು ಎರಡೂ ಕೈಯಲ್ಲಿ ಬಿಗಿಹಿಡಿದಿದ್ದಳು. ಟೀಚರ್ ಕಣ್ಣು ಕೆಳಗಿಳಿಸಿದರು.

ಟೀಚರ್: ಆಯ್ತು. ತಪ್ಪಾಯ್ತು. ಕ್ಷಮಿಸಿದ್ದಕ್ಕೆ ಉಪಕಾರ. ಬಲಗಡೆ ಶುರು ಮಾಡಿ.

ಗಂಡ: ನೋಡಿದ್ಯೇನೇ? ತಪ್ಪು ಒಪ್ಕೊಳ್ಳೋಕೂ ದೊಡ್ಡ ಮನಸ್ಸು ಬೇಕು. ನಿನ್ನ ಹತ್ರ ಇದ್ಯಾ ಅಂಥ ಮನಸ್ಸು?

ಮಗ್ಗು ಧಡ್ ಎಂದು ಬಕೆಟ್ಟಿಗೆ ಬಿತ್ತು.

ಹೆಂಡತಿ: ಸಾಕು ಟೀಚರ್, ನನ್ನ ಕೈಲಾಗಲ್ಲ! ರೀ, ಅವರಲ್ಲ, ನಾನು! ನಿಮ್ಮನ್ನ ತೆಗೀರಿ ಅಂತ ನಾನೇ ಬಂದು ಕೇಳ್ಕೊಂಡಿದ್ದು!

ಗಂಡ: ಏನಂದೆ?

ಹೆಂಡತಿ: ರಾತ್ರಿಯೆಲ್ಲ ಒಲೆ ಮುಂದೆ ಬೆಂದು ಮನೆಗೆ ಬಂದು ತಲೆ ದಿಂಬಿಗೆ ಇಡ್ತಿದ್ದ ಹಾಗೇ ನೀವು ಕ್ವಾಯರ್ ಹಾಡಿನ ಅಭ್ಯಾಸ ಶುರು ಹಚ್ಕೋತಿದ್ರಿ. ಬೇಡ ಅಂದ್ರೆ ದೇವರ ಹಾಡು ಅಂತಿದ್ರಿ. ದೇವರಿಗೆ ಎದುರು ಹೇಳೋಕಾಗುತ್ತಾ? ಒಂದಿನ ತೂಕಡಿಸ್ಕೊಂಡು ಒಲೆಗೆ ಕೈ ಹಾಕಿಬಿಡ್ತಿದ್ದೆ.

ಟೀಚರ್: ಇವರು ಮೆಟ್ಟಿಲ ಮೇಲೆ ನಿಂತ್ಕೊಂಡು ಅತ್ರು. ಯಾರಾದ್ರೂ ಒಬ್ಬರು ಕೆಟ್ಟವರಾಗ್ಬೇಕಿತ್ತು. ನನಗೆ ಅಭ್ಯಾಸ ಇದೆ, ನಾನೇ ಆದೆ.

ಗಂಡ: ಒಂದು ವರ್ಷ! ನಾನು ಇವರನ್ನ ಬೈತಿದ್ದಾಗೆಲ್ಲ ಇವರು ಮೇಲೆ ಕೂತು ಕೇಳಿಸ್ಕೊಂಡಿದಾರೆ?

ಟೀಚರ್: ಕೇಳಿಸ್ತಿತ್ತು. ನಿಮ್ಮ ಬೈಗುಳದಲ್ಲಿ ಶ್ರುತಿ ಒಂದಿಷ್ಟೂ ತಪ್ಪಲ್ಲ.

ಗಂಡ: (ಹೆಂಡತಿಯ ಕಡೆ ತಿರುಗಿ) ಈಗ ಗೊತ್ತಾಯ್ತು. ನಾನು ವಾಪಸ್ ಕ್ವಾಯರಿಗೆ ಸೇರಿದೆ, ಬೆಳಗ್ಗೆ ಮತ್ತೆ ಶುರು ಮಾಡಿದೆ. ಅದಕ್ಕೇ ಟೀಚರ್ ಮೇಲೆ ನಿನಗೆ ಇದ್ದಕ್ಕಿದ್ದ ಹಾಗೆ ಪ್ರೀತಿ ಉಕ್ಕಿದ್ದು! ಅವರು ಎದ್ದು ಬಂದು ನನ್ನನ್ನ ಮತ್ತೆ ಓಡಿಸ್ಲಿ ಅಂತ!

ಹೆಂಡತಿ: ಸುಳ್ಳು ಹೇಳಲ್ಲ. ಅರ್ಧ ಪ್ರೀತಿ. ಅರ್ಧ ನಿದ್ದೆ.

ಗಂಡ ಕನ್ನಡಿಯಲ್ಲಿ ಇಬ್ಬರ ಮುಖವನ್ನೂ ನೋಡಿದ. ಕತ್ತರಿ ಕೈಯಲ್ಲೇ ನಿಂತಿತ್ತು.

ಟೀಚರ್: ಏನು ಯೋಚನೆ? ಈಗ ತಾನೆ ಮನಸಾರೆ ಕ್ಷಮಿಸ್ತಿದ್ರಿ. ಸ್ವಲ್ಪ ಮಿಕ್ಕಿಲ್ವಾ?

ಗಂಡ: ನಿಮ್ಮನ್ನ ಕ್ಷಮಿಸೋದು ಸುಲಭ ಇತ್ತು, ಟೀಚರ್. ನೀವು ತಪ್ಪೇ ಮಾಡಿರ್ಲಿಲ್ಲ.

ಹೆಂಡತಿ ಸೆರಗಿನಲ್ಲಿ ಮೂಗೊರೆಸಿಕೊಂಡಳು. ಅವಳ ಕಣ್ಣ ಕೆಳಗಿನ ಕಪ್ಪು, ಮುಂಗೈಯ ಮೇಲಿನ ಸುಟ್ಟ ಕಲೆಗಳು ಹತ್ತಿರದಿಂದ ಕಂಡವು. ಗಂಡ ಅವನ್ನು ಬಹಳ ಹೊತ್ತು ನೋಡಿದ. ಇಷ್ಟು ವರ್ಷ ಅವನು ಆ ಕೈಯನ್ನು ತಟ್ಟೆ ಹಿಡಿದಿದ್ದಾಗ ಮಾತ್ರ ನೋಡಿದ್ದ.

ಗಂಡ: ನನಗೇ ಹೇಳ್ಬಹುದಿತ್ತಲ್ಲೇ, ನಿದ್ದೆ ಬರ್ತಿಲ್ಲ ಅಂತ.

ಹೆಂಡತಿ: ಹೇಳ್ದೆ. ನೀವು ಹಾಡ್ತಿದ್ರಿ. ಕೇಳಿಸ್ಲಿಲ್ಲ.

ಟೀಚರ್ ನಕ್ಕುಬಿಟ್ಟರು. ನಗು ತಡೆಯಲು ಹೋಗಿ ಹೆಂಡತಿಗೂ ಬಂತು. ಗಂಡ ಮುಖ ಉಬ್ಬಿಸಿಕೊಂಡೇ ಬಲಗಡೆಯ ಕೂದಲಿಗೆ ಕತ್ತರಿ ಹಾಕಿದ.

ಗಂಡ: ಸರಿ, ನಾಳೆಯಿಂದ ಮನೇಲಿ ಹಾಡಲ್ಲ. ಕ್ವಾಯರಿಗೂ ಹೋಗಲ್ಲ. ಆಯ್ತಾ?

ಟೀಚರ್: ಅದೇನೂ ಬೇಡ. ಬೆಳಗ್ಗೆ ನೀವು ಇಲ್ಲಿಗೆ ಬನ್ನಿ. ನಾನು ಹೇಳ್ಕೊಡ್ತೀನಿ. ಆ ಎರಡನೇ ಚರಣ ಭಾನುವಾರದೊಳಗೆ ಮನುಷ್ಯರು ಕೇಳೋ ಹಾಗೆ ಆಗ್ಬೇಕು. ನಿಮ್ಮ ಮನೆಯವರು ಕೆಳಗೆ ಬಾಗಿಲು ಹಾಕ್ಕೊಂಡು ಮಲಗ್ಲಿ.

ಹೆಂಡತಿ: (ಕೈಮುಗಿದು) ಟೀಚರ್! ನನ್ನ ಮೇಲೆ ಇಷ್ಟೊಂದು ಪ್ರೀತೀನಾ?

ಗಂಡ: ನಿನ್ನ ಮೇಲಲ್ಲ ಕಣೇ, ನನ್ನ ಮೇಲೆ. ನನ್ನ ಕಂಠ ಎಂಥದ್ದು ಅಂತ ಇವರಿಗೆ ಇವತ್ತು ಗೊತ್ತಾಯ್ತು.

ಟೀಚರ್ ಹೊಸ ಕಟಿಂಗನ್ನು ಕನ್ನಡಿಯಲ್ಲಿ ಆ ಕಡೆ ಈ ಕಡೆ ತಿರುಗಿಸಿ ನೋಡಿಕೊಂಡರು.

ಟೀಚರ್: ನಿಮ್ಮಿಬ್ಬರ ಮೇಲೂ ಅಲ್ಲ. ಭಾನುವಾರ ಚರ್ಚಿಗೆ ಬರೋರ ಮೇಲೆ. ಪಾಪ, ಅವರೂ ದೇವರ ಮಕ್ಕಳೇ ತಾನೆ.