ಗೌಡರ ಗೋದಾಮು, ನಮ್ಮ ಆಮೇನ್

ನಮ್ಮ ಶಾಲೆಯಲ್ಲಿ ನಗುವಿಗೆ ರಜೆ ಇಲ್ಲ. ಭಾನುವಾರವೂ ಬಂದು ಹಾಜರಿ ಹಾಕಿ ಹೋಗುತ್ತದೆ. ಶಹಾಪುರ–ಸುರಪುರ ರಸ್ತೆಗೆ ಹತ್ತಿದ ಊರು, ಸುತ್ತಲಿನ ಸಣ್ಣಸಣ್ಣ ಚರ್ಚುಗಳು ಕೂಡಿ ನಡೆಸುವ ಶಾಲೆ, ನಾನು ಅಲ್ಲಿ ಕನ್ನಡ ಮಾಸ್ತರ. ಆರನೇ ತರಗತಿವರೆಗೆ ಚರ್ಚಿನೊಳಗೇ ಪರದೆ ಕಟ್ಟಿ ಹೊಂದಿಸಿದ್ದೆವು. ಏಳನೆಯದಕ್ಕೆ ಜಾಗವಿಲ್ಲ. ಸಿಗದಿದ್ದರೆ ಹುಡುಗಿಯರು ಬಸ್ಸು ಹತ್ತಿ ದೂರ ಹೋಗಬೇಕು. ಎಷ್ಟೋ ಮನೆಯವರು ಕಳಿಸೋದಿಲ್ಲ, ಹತ್ತಿ ಬಿಡಿಸಲು ಹಚ್ಚುತ್ತಾರೆ. ಹೆಡ್‌ಮೇಡಂಗೆ ಅದೇ ಚಿಂತೆ. ನಾನು ಹೇಳುವುದರಲ್ಲಿ ಅರ್ಧ ಸುಳ್ಳಿರಬಹುದು, ಇದಿಷ್ಟು ಮಾತ್ರ ಖರೆ.

ಗಂಟೆ

ಚರ್ಚಿನ ಗಂಟೆಯೇ ಶಾಲೆಯ ಗಂಟೆ. ಪಾಠಕ್ಕಾದರೆ ಗಡಗಡ ಬಾರಿಸಬೇಕು. ಊರಲ್ಲಿ ಸಾವಾದರೆ ನಿಧಾನ, ಒಂದೊಂದೇ ಏಟು. ಒಂದು ದಿನ ಬಿಸಿಲಿಗೆ ಕೈ ಸೋತು ನಾನು ಒಂದೊಂದೇ ಏಟು ಹೊಡೆದೆ. ಬೇಕಂತಲೇ ಹೊಡೆದೆ ಅಂತ ಮೇಡಂ ಅನ್ನುತ್ತಾರೆ. ಅವರಿಗೆ ಅನುಮಾನ ಜಾಸ್ತಿ. ತುಸು ಹೊತ್ತಿಗೆ ಹೆಗಲ ಮೇಲೆ ಟವೆಲ್ ಹಾಕಿಕೊಂಡ ಜನ ಅಂಗಳದ ತುಂಬ. ಮುಂದೆ ನಿಂತಿದ್ದ ಅಜ್ಜಿ ಕಣ್ಣೊರೆಸಿಕೊಂಡು ಕೇಳಿದಳು:

“ಯಾರ್ ಹೋದ್ರಪಾ ಮಾಸ್ತರಾ?”

“ಎರಡನೇ ಪಿರಿಯಡ್ ಹೋತು, ಆಯಿ.”

“ಅಯ್ಯ ಪಾಪ! ವಯಸ್ಸೆಷ್ಟಿತ್ತು?”

“ನಲವತ್ತು ನಿಮಿಷ.”

ಬದನೆಕಾಯಿ

ಸುಗ್ಗಿಯಲ್ಲಿ ಸುತ್ತಲಿನ ಊರುಗಳ ಚರ್ಚಿನ ಸಭೆಯವರು ಬೆಳೆದದ್ದನ್ನು ಕಾಣಿಕೆ ತರುತ್ತಾರೆ. ಅದು ನಮ್ಮ ಮಕ್ಕಳ ಊಟಕ್ಕೆ ಬರುತ್ತದೆ. ಆ ಸಲ ಸಗರದವರು ಬದನೆಕಾಯಿ ಕಳಿಸಿದರು. ಕೆಂಭಾವಿಯವರದೂ ಬದನೆಕಾಯಿ. ಸುರಪುರದವರು, “ನಾವು ಬ್ಯಾರೇನ ಕಳಿಸೀವ್ರಿ” ಅಂದರು. ಚೀಲ ಬಿಚ್ಚಿದರೆ, ಬಿಳಿ ಬದನೆಕಾಯಿ!

ವಾರವೆಲ್ಲ ಎಣಗಾಯಿ ತಿಂದ ಮೇಲೆ ಆರನೇ ತರಗತಿಯ ಒಬ್ಬ ಹುಡುಗಿಗೆ ಊಟದ ಪ್ರಾರ್ಥನೆಯ ಪಾಳಿ ಬಂತು. ಕಣ್ಣು ಮುಚ್ಚಿದಳು.

“ಕರ್ತನೇ, ನಿನ್ನಿನ ಬದನಿಕಾಯಿಗೆ ಸ್ತೋತ್ರ. ಇವತ್ತಿನ ಬದನಿಕಾಯಿಗೂ ಸ್ತೋತ್ರ. ನಾಳಿಂದು ಮಾತ್ರ ಇನ್ನೊಂದ್ ಸಲ ವಿಚಾರ ಮಾಡು.”

ಶಾಲೆ ಅಷ್ಟು ಭಕ್ತಿಯಿಂದ ಆಮೇನ್ ಅಂದದ್ದು ಅದೇ ಮೊದಲು.

ಗೋದಾಮು

ಚರ್ಚಿನ ಹಿಂದೆ ಊರ ಗೌಡರ ಹಳೇ ಹತ್ತಿ ಗೋದಾಮು ಖಾಲಿ ಬಿದ್ದಿತ್ತು. ಅದನ್ನು ಏಳನೇ ತರಗತಿಗೆ ಕೇಳಬೇಕೆಂದೇ ಮೇಡಂ ಅವರನ್ನು ಶಾಲೆಯ ಕಾರ್ಯಕ್ರಮಕ್ಕೆ ಕರೆಸಿದರು. ಗೌಡರು ಚರ್ಚಿನ ಮೆಟ್ಟಿಲು ಹತ್ತಿದ್ದು ಅದೇ ಮೊದಲು, ಕಿವಿಯೂ ಮಂದ. ನಮ್ಮ ಮಕ್ಕಳಿಗೋ, ದೊಡ್ಡವರು ಮಾತು ನಿಲ್ಲಿಸಿದರೆ ಸಾಕು, ಆಮೇನ್ ಅನ್ನುವ ರೂಢಿ.

“ಎಲ್ಲಾರೂ ಶಾಣ್ಯಾರಾಗ್ರಿ,” ಅಂದು ಗೌಡರು ಉಸಿರು ತಗೊಂಡರು.

“ಆಮೇನ್!”

“ಆಮ್ಯಾಲೇನ್? ಆಮ್ಯಾಲ... ಹೆಣ್ಮಕ್ಕಳೂ ಓದಬೇಕು.”

“ಆಮೇನ್!”

“ಮತ್ತ ಆಮ್ಯಾಲೇನ್ ಅಂತೀರಲ್ಲ! ಓದಾಕ ಜಾಗಾ ಬೇಕು, ಹೌದಿಲ್ಲೋ? ಆತು, ನನ್ನ ಗೋದಾಮ ತಗೋರಿ!”

ಕೇಳುವ ಮೊದಲೇ ಸಿಕ್ಕಿತ್ತು! ಮೇಡಂ ಕಣ್ಣಲ್ಲಿ ನೀರು. ಖುಷಿಗೆ ಮಕ್ಕಳೂ ಆಮೇನ್ ಮರೆತಿದ್ದರು, ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಗೌಡರ ಬೆನ್ನ ಹಿಂದೆ ನಿಂತಿದ್ದ ನಾನು ಮಕ್ಕಳಿಗೆ ಕೈಸನ್ನೆ ಮಾಡಿದೆ.

“ಆಮೇನ್!”

“ಆಮ್ಯಾಲ... ಸುಣ್ಣಾ ಬಳಿಸ್ತೀನಿ.”

“ಆಮೇನ್!”

“ಫ್ಯಾನ್ ಹಾಕಸ್ತೀನಿ!”

ಮೇಡಂ ಬಂದು ನನ್ನ ತೋಳು ಚಿವುಟಿದರು. ಸನ್ನೆ ನಿಂತಿತು, ಮಕ್ಕಳೂ ಸುಮ್ಮನಾದರು. ಗೌಡರು ಹಣೆ ಒರೆಸಿಕೊಂಡು ಕುರ್ಚಿಯಲ್ಲಿ ಕುಸಿದರು.

“ಭಾರಿ ಅದಾವ್ರೀ ಮೇಡಂ ನಿಮ್ಮ ಹುಡುಗ್ರು! ಏನ್ ಕೊಟ್ರೂ ಆಮ್ಯಾಲೇನ್, ಆಮ್ಯಾಲೇನ್ ಅಂತಾವ. ಇನ್ನೊಂದ್ ಸಲ ಅಂದಿದ್ರ ನಾ ಇರೋ ಮನೀನೂ ಹೋಗ್ತಿತ್ತು!”

ಈಗ ಏಳನೇ ತರಗತಿ ಅಲ್ಲೇ, ಫ್ಯಾನಿನ ಕೆಳಗೆ ನಡೆದಿದೆ. ಪ್ರಾರ್ಥನೆಯ ಹೊತ್ತಿಗೆ ಗೌಡರು ಮಾತ್ರ ಆ ಓಣಿ ಬಿಟ್ಟು ಸುತ್ತು ಹಾಕಿ ಹೋಗುತ್ತಾರೆ.